ದಿನಕ್ಕೆ ನಾಲ್ಕು ನಿಮಿಷ

ಹಲ್ಲಿನ ಡಾಕ್ಟರು ಮಣಿಕಟ್ಟಿನಿಂದ ವಾಚು ಬಿಚ್ಚಿ ಕೌಂಟರಿನ ಮೇಲಿಟ್ಟ ರೀತಿಯಲ್ಲೇ ಅವರ ಸಿಟ್ಟು ಗೊತ್ತಾಯಿತು. ಇಟ್ಟರು ಅನ್ನುವುದಕ್ಕಿಂತ ಕುಕ್ಕಿದರು ಅನ್ನಬೇಕು.

"ಇದಕ್ಕೆ ಕೊಟ್ಟ ದುಡ್ಡಲ್ಲಿ ಒಂದು ಕಾರು ಬರ್ತಿತ್ತು," ಅಂದರು. "ದಿನಕ್ಕೆ ಹನ್ನೆರಡು ಸೆಕೆಂಡು ಹಿಂದೆ ಬೀಳುತ್ತೆ. ನಮ್ಮ ಕ್ಲಿನಿಕ್ಕಲ್ಲಿ ನೆಲ ಒರೆಸೋ ಹೆಂಗಸಿನ ಕೈಲಿರೋ ಬ್ಯಾಟರಿ ವಾಚು ತಿಂಗಳಿಗೂ ಅಷ್ಟು ತಪ್ಪಲ್ಲ."

ಮೂವತ್ತು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಒಳಗಿನ ಚಕ್ರ ದಿನಕ್ಕೆ ಸುಮಾರು ಏಳು ಲಕ್ಷ ಸಲ ಅತ್ತಿತ್ತ ತೂಗುತ್ತದೆ, ಅದರಲ್ಲಿ ಹನ್ನೆರಡು ಸೆಕೆಂಡಿನ ತಪ್ಪೆಂದರೆ ಎಷ್ಟರ ಮಾತು ಎಂದು ಮೊದಮೊದಲು ಲೆಕ್ಕ ಒಪ್ಪಿಸುತ್ತಿದ್ದೆ. ಅದು ನೆಪ ಹೇಳಿದಂತೆ ಕೇಳಿಸುತ್ತದೆ ಎಂದು ತಿಳಿದ ಮೇಲೆ ಬಿಟ್ಟುಬಿಟ್ಟೆ. ಈಗ ಬರೀ ಪ್ರಶ್ನೆ ಕೇಳುತ್ತೇನೆ.

"ಮಲಗುವಾಗ ಬಿಚ್ಚಿಡ್ತೀರಾ?"

"ಹೂಂ. ಕನ್ನಡಿ ಮುಂದಿನ ಹಲಗೆ ಮೇಲೆ."

"ಮುಖ ಮೇಲೆ ಮಾಡಿಯೋ, ಪಕ್ಕಕ್ಕೆ ನಿಲ್ಲಿಸಿಯೋ?"

ಅವರು ಗಾಳಿಯಲ್ಲೇ ಇಟ್ಟು ತೋರಿಸಿದರು. ಕೀ ಕೊಡುವ ತಿರುಪು ಕೆಳಗೆ ಬರುವ ಹಾಗೆ, ಪಕ್ಕಕ್ಕೆ.

"ಕೆಲಸ ಮಾಡುವಾಗ ಕೈ ಆಡುತ್ತಾ?"

"ಕೈ ಆಡಿದ್ರೆ ರೋಗಿಯ ನಾಲಿಗೆ ಉಳಿಯುತ್ತಾ?"

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಕಾಯಿಲೆ ಗೊತ್ತಾಗಿತ್ತು. ಕೈಯ ಓಡಾಟದಿಂದಲೇ ಸ್ಪ್ರಿಂಗು ಸುತ್ತಿಕೊಳ್ಳುವ ವಾಚು ಅದು. ಇವರ ಕೈಯೋ ದಿನವಿಡೀ ಅಲುಗದೆ ನಿಂತಿರುತ್ತದೆ. ಹೊಟ್ಟೆ ತುಂಬದವರ ನಡಿಗೆಯಂತೆ ಚಕ್ರದ ತೂಗು ಚಿಕ್ಕದಾಗುತ್ತದೆ. ಅದರ ಮೇಲೆ ರಾತ್ರಿಯೆಲ್ಲ ಪಕ್ಕಕ್ಕೆ ನಿಂತಾಗ ಇನ್ನಷ್ಟು ಹಿಂದೆ. ಬೆಳಿಗ್ಗೆ ಇಪ್ಪತ್ತು ಸುತ್ತು ಕೀ ಕೊಡಿ, ರಾತ್ರಿ ಮುಖ ಮೇಲೆ ಮಾಡಿ ಮಲಗಿಸಿ, ಹದಿನೈದು ದಿನ ಬಿಟ್ಟು ಬನ್ನಿ, ಬಿಚ್ಚುವ ಅಗತ್ಯವೇ ಬೀಳಲಾರದು ಎಂದೆ. ಡಾಕ್ಟರ ಮುಖ ಸಡಿಲಾಯಿತು. ವಾಚು ಕಟ್ಟಿಕೊಂಡು, ಸಮಯ ಸರಿ ಮಾಡಿಕೊಳ್ಳಲು ತಿರುಪು ಎಳೆದು, "ಈಗ ಎಷ್ಟಾಯ್ತು ಹೇಳಿ?" ಎಂದರು.

ನಾನು ಅಭ್ಯಾಸಬಲದಿಂದ ಕೈ ನೋಡಿಕೊಂಡೆ. "ನಾಲ್ಕು ಇಪ್ಪತ್ತೊಂದು."

ಅವರು ನನ್ನ ತಲೆಯ ಮೇಲಿದ್ದ ಗೋಡೆ ಗಡಿಯಾರ ನೋಡಿದರು. ಅಂಗಡಿಯ ಎಲ್ಲ ವಾಚುಗಳಿಗೂ ಅದೇ ಗುರು. ಅದರಲ್ಲಿ ನಾಲ್ಕು ಹತ್ತೊಂಬತ್ತು. ಮತ್ತೆ ನನ್ನ ಕೈ ನೋಡಿದರು.

"ನಿಮ್ಮದೇ ಎರಡು ನಿಮಿಷ ಮುಂದಿದೆ," ಅಂದರು. ಸಿಟ್ಟಿರಲಿಲ್ಲ, ಅದೇ ಇನ್ನೂ ಕಷ್ಟವಾಯಿತು.

ಅವರು ಹೋದ ಮೇಲೆ ಮಾಲೀಕರು ಒಳಗೆ ಕರೆದರು. ಒಳ್ಳೆಯ ಮನುಷ್ಯ, ಬೈಯಲು ಬರುವುದಿಲ್ಲ. "ನೋಡಿ ಅಮ್ಮ, ನಿಮ್ಮ ಮನಸ್ಸು ನನಗೆ ಅರ್ಥ ಆಗುತ್ತೆ. ಆದ್ರೆ ಹಲ್ಲಿಲ್ಲದ ಹಲ್ಲಿನ ಡಾಕ್ಟರ ಹತ್ರ ಯಾರು ಹೋಗ್ತಾರೆ ಹೇಳಿ. ಸರಿ ಮಾಡ್ಕೊಳ್ಳಿ, ಇಲ್ಲ ಕೌಂಟರಿಗೆ ಬರುವಾಗ ಬಿಚ್ಚಿಟ್ಟು ಬನ್ನಿ."

"ಬಿಚ್ಚಿಡ್ತೀನಿ ಸಾರ್," ಎಂದೆ.

ಮಹಡಿಯ ವರ್ಕ್‌ಶಾಪಿನಲ್ಲಿ ನನ್ನ ಪಕ್ಕದ ಮೇಜು ಭೂತಗನ್ನಡಿಯವರದು. ನಮ್ಮಲ್ಲೆಲ್ಲ ಹಿರಿಯ ಮೆಕ್ಯಾನಿಕ್ಕು. ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆಯೇ ಮನೆಗೆ ಹೋಗಿ ಹೆಂಡತಿಯನ್ನು ಹೆದರಿಸಿದರು ಎಂಬ ಕತೆ ಇದೆ, ಅದರಿಂದ ಬಂದ ಹೆಸರು. ಕೆಳಗೆ ನಡೆದದ್ದು ಅವರಿಗೆ ಆಗಲೇ ಮುಟ್ಟಿತ್ತು.

"ಒಂದು ಗುಂಡಿ ಒತ್ತಿದ್ರೆ ಮುಗಿಯೋ ಕೆಲಸ ತಾಯಿ. ಕೊಡು ಇತ್ತ. ನೀನು ಆ ಕಡೆ ತಿರುಗಿ ನಿಂತ್ಕೊ."

"ಮುಟ್ಟಿದ್ರೆ ಕೈ ಕತ್ತರಿಸ್ತೀನಿ."

"ಕತ್ತರಿಸು. ಹೇಗೂ ನಡುಗೋಕೆ ಶುರುವಾಗಿದೆ."

ಗುಂಡಿಯ ವಿಚಾರ ಅವರು ಹೇಳಿದ್ದು ನಿಜ. ವಾಚಿನ ಚಕ್ರವನ್ನು ಅತ್ತಿತ್ತ ತೂಗಿಸುವುದು ಕೂದಲಿಗಿಂತ ಸಣ್ಣದಾದ ಒಂದು ಸುರುಳಿ. ವಾಚು ಅಯಸ್ಕಾಂತದ ಹತ್ತಿರ ಬಂದರೆ ಆ ಸುರುಳಿಗೆ ಅಯಸ್ಕಾಂತದ ಗುಣ ಹಿಡಿಯುತ್ತದೆ. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಸುರುಳಿ ಗಿಡ್ಡವಾದಂತಾಗಿ, ಚಕ್ರ ಅವಸರ ಮಾಡುತ್ತದೆ. ಏನೂ ಮುರಿದಿರುವುದಿಲ್ಲ, ಸವೆದಿರುವುದಿಲ್ಲ. ನಾವಾಗಿ ತೆಗೆಯದಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ತೆಗೆಯುವುದು ಸುಲಭ. ಅಂಗೈಯಗಲದ ನೀಲಿ ಡಬ್ಬಿಯ ಮೇಲೆ ವಾಚಿಟ್ಟು, ಗುಂಡಿ ಒತ್ತಿ ಹಿಡಿದು, ವಾಚನ್ನು ನಿಧಾನವಾಗಿ ದೂರ ಎತ್ತಿ ಗುಂಡಿ ಬಿಡಬೇಕು. ಐದು ಸೆಕೆಂಡು.

ಊರಿಗೆಲ್ಲ ಆ ಐದು ಸೆಕೆಂಡಿನ ಕೆಲಸ ಮಾಡಿಕೊಡುವವಳು ನಾನು. ನನ್ನ ಕೈಯಲ್ಲಿರುವ ವಾಚು ಹದಿನಾಲ್ಕು ತಿಂಗಳಿಂದ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಿತ್ತು. ಬೆಳಿಗ್ಗೆ ಎದ್ದು ಹಿಂದಕ್ಕೆ ತಿರುಗಿಸುತ್ತಿದ್ದೆ, ಸಂಜೆಯೊಳಗೆ ಮತ್ತೆ ಮುಂದೆ. ಅದು ನನ್ನ ಗಂಡನ ವಾಚು. ಒಳಗಿರುವ ಅಯಸ್ಕಾಂತ ಅವರು ಹಿಡಿಸಿದ್ದು.

ಇವರು ಟೈಲರು. ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ, ಔಷಧದಂಗಡಿಯ ಪಕ್ಕದ ಮೆಟ್ಟಿಲ ಕೆಳಗೆ ಅಂಗಡಿ. ಈ ವಾಚು ಅವರ ಕೈಗೆ ಬಂದದ್ದು ನನ್ನಿಂದ. ರಿಪೇರಿಗೆ ಕೊಟ್ಟವರು ಹನ್ನೊಂದು ವರ್ಷವಾದರೂ ಬಾರದೆ, ಕಾಗದಕ್ಕೂ ಉತ್ತರವಿಲ್ಲದೆ, ಹೊರಗಿನ ಕೇಸು ಜಜ್ಜಿಹೋಗಿ ಡ್ರಾಯರಿನಲ್ಲಿ ಬಿದ್ದಿದ್ದ ಒಂದು ಉತ್ತಮ ಜಾತಿಯ ಯಂತ್ರವನ್ನು ಹಳೆಯ ಮಾಲೀಕರು, ಅಂದರೆ ಈಗಿನವರ ತಂದೆ, ನನಗೆ ಕೊಟ್ಟರು. "ನೀನೇ ಎಬ್ಬಿಸು, ನೀನೇ ಇಟ್ಕೊ," ಎಂದರು. ನಾಲ್ಕು ತಿಂಗಳು ಊಟದ ಬಿಡುವಿನಲ್ಲಿ ಕೂತು ಎಬ್ಬಿಸಿದೆ. ನನ್ನ ಕೈಗೆ ದೊಡ್ಡದಾಯಿತು ಎಂಬ ನೆಪದಲ್ಲಿ ಇವರಿಗೆ ಕಟ್ಟಿದೆ.

ವಾಚನ್ನು ಅವರ ಕೈಗೆಂದೇ ಹೊಂದಿಸಿದ್ದೆ. ದುಬಾರಿ ವಾಚಿನ ನಿಖರತೆ ಎಂದು ಜನ ಹೇಳುವಾಗ ಅದು ವಾಚಿನೊಳಗೇ ಇರುವ ವಸ್ತು ಎಂದುಕೊಂಡಿರುತ್ತಾರೆ. ಅರ್ಧ ಮಾತ್ರ ಅಲ್ಲಿರುತ್ತದೆ. ಉಳಿದರ್ಧ ಕಟ್ಟಿಕೊಂಡವರ ದಿನಚರಿಯಲ್ಲಿ. ಇವರು ಹಗಲೆಲ್ಲ ಮೊಣಕೈ ಬಾಗಿಸಿ ಹೊಲಿಗೆ ಮಷೀನಿಗೆ ಬಟ್ಟೆ ತಳ್ಳುತ್ತಿದ್ದರು, ರಾತ್ರಿ ಕನ್ನಡಿ ಪಕ್ಕದ ಮೊಳೆಗೆ ವಾಚು ನೇತು ಹಾಕುತ್ತಿದ್ದರು. ನೇತು ಬಿದ್ದಾಗ ಅದು ಐದು ಸೆಕೆಂಡು ಹಿಂದೆ ಬೀಳುತ್ತಿತ್ತು. ಹಾಗಾಗಿ ಹಗಲು ಐದು ಸೆಕೆಂಡು ಮುಂದೆ ಓಡುವಂತೆ ಇಟ್ಟೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಸೊನ್ನೆ. ಬೇರೆ ಯಾರ ಕೈಯಲ್ಲೂ ಅದು ಅಷ್ಟು ಸರಿಯಾಗಿ ಓಡಲಾರದು. ಈ ಹೆಮ್ಮೆಯನ್ನು ಯಾರಿಗೂ ಹೇಳಿಕೊಂಡಿರಲಿಲ್ಲ.

ಹೆಮ್ಮೆ ಒಂದು ವಾರವೂ ಉಳಿಯಲಿಲ್ಲ. ಟೈಲರ ಮೇಜಿನ ಮೇಲೆ ಗುಂಡುಪಿನ್ನು ಹಾಕುವ ಒಂದು ತಟ್ಟೆ ಇರುತ್ತದೆ, ಅಡಿಯಲ್ಲಿ ಅಯಸ್ಕಾಂತ. ಪಿನ್ನು ಚೆಲ್ಲದಿರಲಿ ಎಂದು. ಇವರು ಆ ತಟ್ಟೆಯ ಹತ್ತಿರ ವಾಚು ಬಿಚ್ಚಿಟ್ಟರು. ಆ ಭಾನುವಾರ ಸರಿ ಮಾಡಿಕೊಟ್ಟೆ. ಮುಂದಿನ ಭಾನುವಾರ ಮತ್ತೆ. ಹೀಗೆ ಹದಿನೇಳು ವರ್ಷ.

ಭಾನುವಾರ ಟೀ ಕುಡಿದಾದ ಮೇಲೆ ಒಂಬತ್ತರ ಸುಮಾರಿಗೆ ಹಿತ್ತಲ ಬಾಗಿಲಿನಿಂದ ದನಿ ಬರುತ್ತಿತ್ತು. "ಏ ಇವಳೇ, ವಾಚು."

"ಮತ್ತೆ ಇಟ್ರಾ ಆ ತಟ್ಟೆ ಹತ್ರ?"

"ಮರೆತೆ ಕಣೇ."

"ಒಂದು ಅಂಗಿಗೆ ಹದಿನಾರು ಅಳತೆ ನೆನಪಿರುತ್ತೆ. ಇದೊಂದು ಇರಲ್ಲ."

"ಅಳತೆ ಬರ್ಕೋತೀನಲ್ಲ."

ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದೆವು. ಮೊದಲು ದಿಕ್ಸೂಚಿ ಪಕ್ಕದಲ್ಲಿಟ್ಟು ಅದರ ಮುಳ್ಳು ವಾಚಿನ ಕಡೆ ತಿರುಗುವುದನ್ನು ತೋರಿಸುತ್ತಿದ್ದೆ, ಅಪರಾಧಿಗೆ ಸಾಕ್ಷಿ ತೋರಿಸಿದಂತೆ. ಆಮೇಲೆ ನೀಲಿ ಡಬ್ಬಿ. ಐದು ಸೆಕೆಂಡಿಗೆ ಎದ್ದುಬಿಡಬಹುದಿತ್ತು. ಆದರೆ ಸರಿಯಾಗಿದೆಯೇ ಎಂದು ನೋಡದೆ ಏಳುವುದು ನನ್ನ ಜಾಯಮಾನವಲ್ಲ. ವರ್ಕ್‌ಶಾಪಿನವರು ಹೊರಹಾಕಿದ್ದ ಹಳೆಯ ಪರೀಕ್ಷೆಯ ಮಷೀನೊಂದು ಮನೆಯಲ್ಲಿತ್ತು. ವಾಚಿನ ಟಿಕ್ ಕೇಳಿಸಿಕೊಂಡು ಕಾಗದದ ಪಟ್ಟಿಯ ಮೇಲೆ ಚುಕ್ಕಿ ಹೊಡೆಯುತ್ತದೆ. ಚುಕ್ಕಿಯ ಸಾಲು ನೆಟ್ಟಗೆ ಹೋದರೆ ವಾಚು ಸರಿ, ಮೇಲೇರಿದರೆ ಮುಂದೆ, ಕೆಳಗಿಳಿದರೆ ಹಿಂದೆ. ಮುಖ ಮೇಲೆ, ಮುಖ ಕೆಳಗೆ, ನಾಲ್ಕು ಪಕ್ಕ, ಹೀಗೆ ಆರು ಭಂಗಿ. ಒಂದೊಂದಕ್ಕೂ ಹತ್ತು ಹದಿನೈದು ನಿಮಿಷ. ಇವರು ಪಕ್ಕದಲ್ಲಿ ಕೂತು, ಬೇಡವೆಂದರೂ ಟಾರ್ಚು ಹಿಡಿದು, ಮಾತಾಡುತ್ತಿದ್ದರು. ಸೊಂಟದ ಸುತ್ತಳತೆಯಲ್ಲಿ ಸುಳ್ಳು ಹೇಳುವ ಗಿರಾಕಿಗಳ ಸುದ್ದಿ, ಮಗಳ ಸುದ್ದಿ, ಎಂದೋ ನೋಡಿದ ಒಂದು ಬೂದುಬಣ್ಣದ ಬಟ್ಟೆಯ ಸುದ್ದಿ. ನಾನು ಚುಕ್ಕಿ ನೋಡುತ್ತ ಹೂಂಗುಟ್ಟುತ್ತಿದ್ದೆ. ಮಷೀನಿನಿಂದ ಹರಿದ ಪಟ್ಟಿಗಳನ್ನು ಇವರು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಯಾಕೆಂದು ಕೇಳಿರಲಿಲ್ಲ.

ಕೊನೆಯ ಭಾನುವಾರ ನಾನು ಅಂಗಡಿಯಿಂದ ಎರಡು ಅವಸರದ ವಾಚು ತಂದುಕೊಂಡಿದ್ದೆ. ಒಗೆಯುವ ಬಟ್ಟೆ ಹಾಗೇ ಬಿದ್ದಿತ್ತು. ಮಗಳು ತರಬೇತಿಗೆ ಹೋಗಿ ಎರಡು ವಾರವಾಗಿತ್ತು, ಅದರ ಸಂಕಟ ಬೇರೆ. ಹಿತ್ತಲ ಬಾಗಿಲಿನಿಂದ, "ಏ ಇವಳೇ, ವಾಚು," ಅಂದರು.

"ಈ ವಾರ ಆಗಲ್ಲ. ಎಷ್ಟು ಸಲ ಹೇಳೋದು ನಿಮಗೆ? ನಾಲ್ಕು ನಿಮಿಷ ಮುಂದೆ ಓಡಿಸ್ಕೊಂಡೇ ತಿರುಗಿ. ಆಗ ಬುದ್ಧಿ ಬರುತ್ತೆ."

ಅವರು ಒಂದು ಗಳಿಗೆ ಅಲ್ಲೇ ನಿಂತಿದ್ದರು. ಆಮೇಲೆ ವಾಚು ಕಟ್ಟಿಕೊಂಡು, "ಆಯ್ತು, ಮುಂದಿನ ವಾರ," ಎಂದರು.

ಗುರುವಾರ ಅಂಗಡಿಯಲ್ಲಿ, ಕತ್ತರಿ ಕೈಯಲ್ಲಿರುವಾಗಲೇ, ಎದೆಬಡಿತ ನಿಂತಿತು. ಆಸ್ಪತ್ರೆಯವರು ಅವರ ಕನ್ನಡಕ, ಅಳತೆಯ ಟೇಪು, ವಾಚು ಮೂರನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ವಾಚು ಓಡುತ್ತಿತ್ತು. ಗೋಡೆ ಗಡಿಯಾರಕ್ಕಿಂತ ಹದಿನಾರು ನಿಮಿಷ ಮುಂದಿತ್ತು. ಭಾನುವಾರದಿಂದ ಗುರುವಾರಕ್ಕೆ ನಾಲ್ಕು ದಿನ. ಅವರು ತಿರುಗಿಸಿಕೊಂಡೂ ಇರಲಿಲ್ಲ.

ಅಂದಿನಿಂದ ನಾನು ಆ ಗುಂಡಿ ಒತ್ತಿಲ್ಲ. ಅವರ ಅಂಗಿಗಳ ವಾಸನೆ ಎರಡು ತಿಂಗಳಲ್ಲಿ ಹೋಯಿತು. ಫೋಟೋದ ಮುಖ ನೋಡಿ ನೋಡಿ ಫೋಟೋ ಆಯಿತು. ಇದೊಂದು ಮಾತ್ರ, ಅವರ ಮರೆವಿನಿಂದ ಸುರುಳಿಯೊಳಗೆ ಹೊಕ್ಕದ್ದು, ಸ್ವಲ್ಪವೂ ಕಡಿಮೆಯಾಗದೆ ದಿನಕ್ಕೆ ನಾಲ್ಕು ನಿಮಿಷ ಓಡುತ್ತಿತ್ತು. ನಾನು ಆಗಲ್ಲ ಎಂದದ್ದೂ ಅದರಲ್ಲೇ ಇತ್ತು. ಎರಡನ್ನೂ ಒಟ್ಟಿಗೆ ಕಟ್ಟಿಕೊಂಡು ತಿರುಗುತ್ತಿದ್ದೆ.

ಹಲ್ಲಿನ ಡಾಕ್ಟರು ಬಂದುಹೋದ ಮಾರನೆಯ ಸಂಜೆ ಮಗಳ ಫೋನು ಬಂತು. ಅವಳು ರೈಲು ಓಡಿಸುವವಳು. ತರಬೇತಿ ಮುಗಿದು, ಹಿರಿಯ ಚಾಲಕರ ಪಕ್ಕದಲ್ಲಿ ಕೂತು ಕಲಿಯುತ್ತಿದ್ದಳು.

"ಅಮ್ಮ, ಅಪ್ಪನ ವಾಚು ನನಗೆ ಬೇಕು. ಮುಂದಿನ ತಿಂಗಳಿಂದ ನಾನೊಬ್ಬಳೇ ಓಡಿಸ್ತೀನಿ. ಎಂಜಿನ್ನಲ್ಲಿ ಫೋನ್ ಇಟ್ಕೊಳ್ಳೋ ಹಾಗಿಲ್ಲ. ಕೈಲಿ ವಾಚು ಇರಲೇಬೇಕು, ಹೊರಡೋ ಮುಂಚೆ ಡಿಪೋ ಗಡಿಯಾರಕ್ಕೆ ಹಿಡಿದು ನೋಡ್ತಾರೆ. ಅರ್ಧ ನಿಮಿಷ ಆಚೀಚೆ ಇದ್ರೂ ವಾಪಸ್ಸು."

"ಒಳ್ಳೇದು ಒಂದು ಹೊಸದು ಕೊಡಿಸ್ತೀನಿ ಪುಟ್ಟಿ."

"ಹೊಸದು ಯಾರಿಗೆ ಬೇಕು? ಮೊದಲನೇ ದಿನ ಅಪ್ಪನದೇ ಕಟ್ಕೊಂಡು ಹೋಗ್ಬೇಕು ನನಗೆ."

"ಅದು ಸರಿ ಇಲ್ಲ. ಒಂದು ಪಾರ್ಟು ಬರಬೇಕು."

ಆಚೆ ಕಡೆ ಪ್ಲಾಟ್‌ಫಾರ್ಮಿನ ಗದ್ದಲ ಕೇಳುತ್ತಿತ್ತು.

"ಹದಿನಾಲ್ಕು ತಿಂಗಳಿಂದ ಬರ್ತಾ ಇದೆಯಾ ಆ ಪಾರ್ಟು? ನಡ್ಕೊಂಡು ಬಂದಿದ್ರೂ ಇಷ್ಟೊತ್ತಿಗೆ ಮನೆ ತಲುಪಿರೋದು. ಅಮ್ಮ, ನಾನು ಯಾರ ಮಗಳು? ಅದಕ್ಕೆ ಮ್ಯಾಗ್ನೆಟ್ ಹಿಡಿದಿದೆ, ಅಷ್ಟೇ ತಾನೆ?"

ನಾನು ಕೈಯಲ್ಲಿದ್ದ ವಾಚಿನ ಪಟ್ಟಿ ಬಿಗಿ ಮಾಡಿಕೊಂಡೆ.

"ಭಾನುವಾರ ಬರ್ತೀನಿ," ಅಂದಳು, ದನಿ ತಗ್ಗಿಸಿ. "ನಿನಗೆ ಆಗಲ್ಲ ಅಂದ್ರೆ ಬೇಡ. ಆದ್ರೆ ಸುಳ್ಳು ಹೇಳ್ಬೇಡ. ಯೂನಿಫಾರ್ಮ್ ಪ್ಯಾಂಟು ಕಳಿಸಿದ್ದೀನಿ, ಬಂದಿದೆಯಲ್ಲ? ಎರಡು ಇಂಚು ಉದ್ದ ಆಗಿದೆ. ಅಂಗಡೀಲಿ ಕೊಟ್ಟಿರು."

ಗುರುವಾರ, ಶುಕ್ರವಾರ ಎರಡೂ ದಿನ ಕಳ್ಳ ಯೋಚನೆಗಳೇ. ಅದೇ ತರದ ಇನ್ನೊಂದು ಯಂತ್ರ ಹುಡುಕಿ, ಇವರ ವಾಚಿನ ಕೇಸಿಗೆ ಕೂರಿಸಿ ಮಗಳಿಗೆ ಕೊಟ್ಟು, ಹಳೆಯ ಯಂತ್ರವನ್ನು ನಾನಿಟ್ಟುಕೊಂಡರೆ? ಭೂತಗನ್ನಡಿಯವರ ಡ್ರಾಯರನ್ನೂ ಒಮ್ಮೆ ತಡಕಿದೆ. ಅವರು ನೋಡಿಯೂ ನೋಡದಂತೆ, "ಎರಡನೇ ಖಾನೆಯಲ್ಲಿ ಬಿಸ್ಕತ್ತಿದೆ, ಬೇಕಾದ್ರೆ," ಅಂದರು. ನಾಚಿಕೆಯಾಗಿ ಡ್ರಾಯರು ಮುಚ್ಚಿದೆ.

ಶನಿವಾರ ಮಧ್ಯಾಹ್ನ ಪ್ಯಾಂಟು ಹಿಡಿದು ಟೈಲರ್ ಅಂಗಡಿಗೆ ಹೋದೆ. ಈಗ ಅದನ್ನು ನಡೆಸುತ್ತಿರುವುದು ಕಾಜಾ ಅಕ್ಕ. ಇವರ ಅಂಗಡಿಯಲ್ಲಿ ಇಪ್ಪತ್ತು ವರ್ಷ ಗುಂಡಿ ಹೊಲಿದು, ಗುಂಡಿ ತೂರುವ ಕಾಜಾ ಹೊಲಿದು ಆ ಹೆಸರು ಪಡೆದವರು. ನನಗಿಂತ ಹಿರಿಯರಾದರೂ ಆ ಬೀದಿಯವರೆಲ್ಲ ಕರೆದಂತೆ ಅವರೂ ನನ್ನನ್ನು ವಾಚಮ್ಮ ಎಂದೇ ಕರೆಯುತ್ತಾರೆ. ಇವರು ಹೋದ ಮೇಲೆ ನಾನು ಆ ಮೆಟ್ಟಿಲ ಕೆಳಗೆ ಕಾಲಿಟ್ಟಿದ್ದು ಎರಡೇ ಸಲ.

ಪ್ಯಾಂಟಿನ ಅಂಚು ಮಡಿಸಿ, ಪಿನ್ನಿಗೆಂದು ಕೈ ಚಾಚಿದರು. ತಟ್ಟೆ ಅಲ್ಲೇ ಇತ್ತು, ಹಸಿರು ಬಣ್ಣ ಸವೆದ ಅದೇ ತಟ್ಟೆ. ನಾನು ತಟಕ್ಕನೆ ಎಡಗೈ ಬೆನ್ನ ಹಿಂದೆ ಮಾಡಿಕೊಂಡೆ.

ಕಾಜಾ ಅಕ್ಕ ನಕ್ಕರು. "ಹೆದರ್ಕೋಬೇಡಿ, ಅಷ್ಟು ದೂರಕ್ಕೆ ಹಿಡಿಯಲ್ಲ. ಅದಕ್ಕೆ ಹಿಡೀಬೇಕಾದ್ರೆ ಮೇಲೇ ಇಡ್ಬೇಕು, ಮಾಸ್ಟ್ರು ಇಡ್ತಿದ್ರಲ್ಲ ಹಾಗೆ."

"ಮೇಲೆ?"

"ಹೂಂ ಮತ್ತೆ. ಶನಿವಾರ ಬಾಗಿಲು ಹಾಕೋ ಮುಂಚೆ. ಪಿನ್ನೆಲ್ಲ ಒಂದು ಕಡೆ ಸರಿಸಿ, ವಾಚು ಬಿಚ್ಚಿ, ತಟ್ಟೆ ಮಧ್ಯಕ್ಕೆ ಇಡೋರು. ಇಷ್ಟೊಳ್ಳೆ ವಾಚು ಯಾಕ್ರೀ ಹಾಳು ಮಾಡ್ತೀರ ಅಂತ ನಾನೂ ಬೈದಿದ್ದೀನಿ." ಬಾಯಲ್ಲಿದ್ದ ದಾರ ಕಡಿದು, ನನ್ನ ಮುಖ ನೋಡಿ, ಕೈಯಲ್ಲಿದ್ದ ಪ್ಯಾಂಟು ಕೆಳಗಿಟ್ಟರು. "ನಿಮಗೆ ಗೊತ್ತಿಲ್ವಾ? ನಿಮಗೆ ಗೊತ್ತಿದ್ದೇ ಆಟ ಆಡ್ತೀರಿ ಅಂದ್ಕೊಂಡಿದ್ದೆ. ಊರಿನ ವಾಚೆಲ್ಲ ಯಾಕೆ ಕೆಟ್ಟಿತು ಅಂತ ಹೇಳೋರು ನೀವು."

"ಅವರು ಏನಂತಿದ್ರು? ನೀವು ಬೈದಾಗ."

"ಏನಂತಿದ್ರು? ನಗೋರು. ಸರಿಯಾಗಿದ್ರೆ ಅವಳು ನನ್ನ ಪಕ್ಕ ಯಾಕೆ ಕೂರ್ತಾಳೆ ಕಾಜಾ, ಬಟ್ಟೆ ಒಗೆಯೋಕೆ ಹೋಗ್ತಾಳೆ, ಅನ್ನೋರು."

ಅಂಗಡಿಯ ಹೊರಗೆ ಯಾರೋ ಸೈಕಲ್ ನಿಲ್ಲಿಸಿದರು. ಒಬ್ಬರು ಬಂದು ರಸೀದಿ ತೋರಿಸಿ ಬಟ್ಟೆ ತೆಗೆದುಕೊಂಡು ಹೋದರು. ಅಷ್ಟು ಹೊತ್ತೂ ನಾನು ಕತ್ತರಿಸುವ ಮೇಜಿನ ಅಂಚು ಹಿಡಿದು ನಿಂತಿದ್ದೆ.

ಕಾಜಾ ಅಕ್ಕ ಮೇಲಿನ ಹಲಗೆಯಿಂದ ಅಳತೆಯ ಹಳೆಯ ಪುಸ್ತಕ ಇಳಿಸಿದರು. "ಇದನ್ನೂ ತಗೊಂಡು ಹೋಗಿ. ಅಳತೆಯವರೆಲ್ಲ ಈಗ ದಪ್ಪ ಆಗಿದ್ದಾರೆ, ನನಗೆ ಪ್ರಯೋಜನ ಇಲ್ಲ." ತೆರೆದರೆ ಪುಟಪುಟಕ್ಕೂ ಗುರುತಿಗೆಂದು ಇಟ್ಟ ಕಾಗದದ ಪಟ್ಟಿಗಳು. ಸಣ್ಣ ಚುಕ್ಕಿಗಳ ಸಾಲುಗಳು. ನಮ್ಮ ಮಷೀನಿನವು.

ಮನೆಗೆ ನಡೆದು ಬರುವಾಗ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಹದಿನೇಳು ವರ್ಷ ನನ್ನ ಕೈಯಲ್ಲಿ ಬೇಡದ ಕೆಲಸ ಮಾಡಿಸಿದರು. ಬೈಸಿಕೊಂಡರು. ಮರೆತೆ ಕಣೇ ಎಂದು ಪ್ರತಿ ವಾರ ಸುಳ್ಳು ಹೇಳಿದರು. ಪಕ್ಕದಲ್ಲಿ ಕೂತ್ಕೊ ಎಂದು ಬಾಯಿ ಬಿಟ್ಟು ಕೇಳಲು ಏನು ಧಾಡಿ?

ಔಷಧದಂಗಡಿ ದಾಟಿ ಎರಡನೆಯ ಬೀದಿಗೆ ಬರುವ ಹೊತ್ತಿಗೆ ಆ ಪ್ರಶ್ನೆಗೆ ಉತ್ತರವೂ ಬಂದಿತ್ತು. ಕೇಳಿದ್ದರೆ ನಾನು ಕೂರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕೇಳಿದ್ದರು ಕೂಡ. ಕೂತರೆ ಯಾರು ಮಾಡ್ತಾರೆ ಎಂದಿದ್ದೆ. ಆರು ದಿನ ಅಂಗಡಿಯಲ್ಲಿ ಬೆನ್ನು ಬಗ್ಗಿಸಿ, ಏಳನೆಯ ದಿನ ಮನೆಯಲ್ಲಿ ಬಗ್ಗಿಸುವ ಹೆಂಗಸು ನಾನು. ಸುಮ್ಮನೆ ಕೂತರೆ ಯಾರದೋ ಆಸ್ತಿ ಕದ್ದಂತೆ ಅನ್ನಿಸುತ್ತಿತ್ತು. ಕೈಯಲ್ಲಿ ಕೆಲಸವಿದ್ದರೆ ಮಾತ್ರ ಈ ಹೆಂಗಸು ಕೂರುತ್ತಾಳೆ ಎಂದು ಆ ಮನುಷ್ಯ ಅಳತೆ ತೆಗೆದುಕೊಂಡಿದ್ದರು. ಅಳತೆ ತಪ್ಪಿರಲಿಲ್ಲ.

ಅಂದರೆ ಆ ಕೊನೆಯ ಭಾನುವಾರ ನಾನು ಆಗಲ್ಲ ಎಂದದ್ದು ವಾಚಿಗಲ್ಲ. ಆ ಒಂದೂವರೆ ಗಂಟೆಯ ಮಾತಿನಲ್ಲಿ ಎದೆನೋವಿನ ಮಾತೂ ಬರುತ್ತಿತ್ತೇನೋ. ಬರುತ್ತಿರಲಿಲ್ಲವೇನೋ. ಅದನ್ನು ಅಳೆಯುವ ಮಷೀನು ನನ್ನಲ್ಲಿಲ್ಲ. ಆದರೆ ಹದಿನಾಲ್ಕು ತಿಂಗಳಿಂದ ನಾನು ಜೋಪಾನ ಮಾಡಿದ್ದು ಅವರ ಮರೆವನ್ನಲ್ಲ ಎಂಬುದು ಮಾತ್ರ ಗೊತ್ತಾಯಿತು. ಅವರು ಕರೆದಿದ್ದರು. ಆ ಕರೆ ಇನ್ನೂ ನನ್ನ ಕೈಯಲ್ಲಿ ಟಿಕ್‌ಟಿಕ್ ಎನ್ನುತ್ತಿತ್ತು. ಕರೆದವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, ಅದನ್ನೇ ನೆನಪು ಎಂದುಕೊಂಡಿದ್ದೆ.

ಭಾನುವಾರ ಮಗಳು ಎಂಟೂವರೆಗೇ ಬಂದಳು. ಪ್ಯಾಂಟು ಹಾಕಿಕೊಂಡು ನೋಡಿ, ಕನ್ನಡಿಯ ಮುಂದೆ ಎರಡು ಸಲ ತಿರುಗಿ, ಟೀ ಕುಡಿದಳು. ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದ ವಾಚನ್ನು ನೋಡಿದಳು, ಕೇಳಲಿಲ್ಲ. ಅವಳೂ ಅವರಪ್ಪನ ಹಾಗೆಯೇ. ಬೇಕಾದ್ದನ್ನು ಒಂದೇ ಸಲ ಕೇಳುತ್ತಾಳೆ.

ಒಂಬತ್ತಕ್ಕೆ ನಾನು ಅಟ್ಟದಿಂದ ನೀಲಿ ಡಬ್ಬಿ ಇಳಿಸಿದೆ. ಮಷೀನಿನ ಮೇಲಿನ ಬಟ್ಟೆ ತೆಗೆದು ಧೂಳು ಒರೆಸಿದೆ. ದಿಕ್ಸೂಚಿ ತಂದು ಕಿಟಕಿ ಪಕ್ಕದ ಬೆಂಚಿನ ಮೇಲಿಟ್ಟೆ. ಮೊಳೆಯಿಂದ ವಾಚು ತೆಗೆದುಕೊಂಡು ಕೂತೆ.

"ಬಾ, ಕೂತ್ಕೊ," ಎಂದೆ.

ಅವಳು ಇವರು ಕೂರುತ್ತಿದ್ದ ಕಡೆ ಕೂತಳು. "ಟಾರ್ಚು ಹಿಡೀಲಾ?"

"ಹಿಡಿ."

ಬೆಳಕು ಧಾರಾಳವಾಗಿತ್ತು. ಹಿಡಿದಳು.

ದಿಕ್ಸೂಚಿಯ ಮುಳ್ಳು ಕಿಟಕಿಯ ಕಡೆ ನೋಡುತ್ತಿತ್ತು. ವಾಚು ಹತ್ತಿರ ತಂದೆ. ಮುಳ್ಳು ಒಮ್ಮೆ ಅಲುಗಿ, ಮೆಲ್ಲಗೆ ವಾಚಿನ ಕಡೆ ತಿರುಗಿತು. ಸ್ವಲ್ಪ ಹೊತ್ತು ಹಾಗೇ ಬಿಟ್ಟೆ.

ಆಮೇಲೆ ವಾಚನ್ನು ಡಬ್ಬಿಯ ಮೇಲಿಟ್ಟು ಗುಂಡಿಯ ಮೇಲೆ ಹೆಬ್ಬೆರಳಿಟ್ಟೆ. ಸಾವಿರಾರು ಸಲ ಒತ್ತಿದ ಗುಂಡಿ. ಬೆರಳು ಅಲ್ಲೇ ನಿಂತಿತು.

"ಮುಂದಿನ ವಾರ ಮಾಡೋಣ್ವಾ ಅಮ್ಮ? ನನಗೇನೂ ಅವಸರ ಇಲ್ಲ," ಅಂದಳು ಮಗಳು.

ಅವಳು ಅಂದಿದ್ದು ಕನಿಕರದಿಂದ. ನನಗೆ ಕೇಳಿಸಿದ್ದು ಬೇರೆ ದನಿಯಲ್ಲಿ. "ಬೇಡ," ಎಂದೆ. "ಈ ವಾರವೇ." ಒತ್ತಿದೆ.

ಡಬ್ಬಿ ಗುಂಯ್ ಎಂದಿತು. ಗುಂಡಿ ಒತ್ತಿಕೊಂಡೇ ವಾಚನ್ನು ನಿಧಾನ ಎತ್ತಬೇಕು; ಅವಸರ ಮಾಡಿ ಹತ್ತಿರದಲ್ಲೇ ಗುಂಡಿ ಬಿಟ್ಟರೆ ಅಯಸ್ಕಾಂತ ಉಳಿದುಬಿಡುತ್ತದೆ. ಒಂದು ಗೇಣು ಎತ್ತಿದೆ. ಈಗ ಬಿಟ್ಟರೆ ಸ್ವಲ್ಪ ಉಳಿಯುತ್ತದೆ ಎಂದು ಕೈಗೆ ಗೊತ್ತಿತ್ತು. ದಿನಕ್ಕೆ ಅರ್ಧ ನಿಮಿಷದಷ್ಟಾದರೂ ಉಳಿಯುತ್ತದೆ. ಬಿಡಲಿಲ್ಲ. ಎರಡು ಗೇಣು. ಒಂದು ಮೊಳ. ಮಗಳ ಟಾರ್ಚು ವಾಚಿನ ಹಿಂದೆಯೇ ಮೇಲೇರುತ್ತಿತ್ತು. ತೋಳು ಪೂರ್ತಿ ಚಾಚುವ ತನಕ ಎತ್ತಿ, ಆಮೇಲೆ ಗುಂಡಿ ಬಿಟ್ಟೆ. ಗುಂಯ್ ಎನ್ನುವುದು ನಿಂತಿತು. ತೋಳು ಮಾತ್ರ ಇಳಿಯಲಿಲ್ಲ. ಮಗಳು ನನ್ನ ಮೊಣಕೈ ಹಿಡಿದು ಮೆಲ್ಲಗೆ ಇಳಿಸಿದಳು.

ದಿಕ್ಸೂಚಿಯ ಪಕ್ಕ ವಾಚು ಇಟ್ಟೆ. ಮುಳ್ಳು ಕಿಟಕಿಯ ಕಡೆಯೇ ನೋಡುತ್ತಿತ್ತು.

ಮಷೀನಿಗೆ ಹಾಕಿದೆವು. ಮುಖ ಮೇಲೆ ಮಾಡಿ ಹದಿನೈದು ನಿಮಿಷ. ಚುಕ್ಕಿಯ ಸಾಲು ಮೇಲೇರಲಿಲ್ಲ. ನೆಟ್ಟಗೂ ಇರಲಿಲ್ಲ. ಕೆಳಗೆ ವಾಲಿ, ನಡುವೆ ಚೆದುರಿತ್ತು.

"ಹಿಂದೆ ಬೀಳ್ತಾ ಇದೆಯಲ್ಲ," ಅಂದಳು.

"ಎಣ್ಣೆ ಒಣಗಿದೆ. ಬಿಚ್ಚಿ ಆರು ವರ್ಷ ಆಯ್ತು." ಇಷ್ಟು ದಿನ ಆ ನಾಲ್ಕು ನಿಮಿಷದ ಅವಸರದ ಅಡಿಯಲ್ಲಿ ಈ ದಣಿವು ಮುಚ್ಚಿಹೋಗಿತ್ತು. "ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಬೇಕು. ಆಮೇಲೆ ನಿನ್ನ ಕೈಗೆ ಹೊಂದಿಸಬೇಕು. ಮೂರು ವಾರ. ನಿನ್ನ ಮೊದಲ ದಿನಕ್ಕೆ ಸರಿಯಾಗುತ್ತೆ."

"ಅಪ್ಪನ ಕೈಗೆ ಇಟ್ಟಿದ್ದು ಹೋಗುತ್ತಾ?"

"ಹೋಗುತ್ತೆ. ಮಲಗುವಾಗ ಎಲ್ಲಿ ಬಿಚ್ಚಿಡ್ತೀಯ ನೀನು?"

"ಬಿಚ್ಚಲ್ಲ. ಕಟ್ಕೊಂಡೇ ಮಲಗ್ತೀನಿ, ಬಲಮಗ್ಗುಲಿಗೆ."

ಅಳತೆಯ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಬರೆದುಕೊಂಡೆ. ಬಲಮಗ್ಗುಲು, ಬಿಚ್ಚುವುದಿಲ್ಲ. ಎಂಜಿನ್ನಿನ ಅದುರು. ಚಳಿಗಾಲದಲ್ಲಿ ಕೈ ತಣ್ಣಗೆ. ಮಗಳು ಪುಟ ತಿರುವಿ ಪಟ್ಟಿಗಳನ್ನು ನೋಡಿದಳು. ಇವು ಇಲ್ಲಿಗೆ ಹೇಗೆ ಬಂದವು ಎಂದು ಕೇಳಿದಳು. ತಟ್ಟೆಯ ಕತೆ ಹೇಳಿದೆ. ಅವಳು ನಗುತ್ತ ಕೇಳಲು ಶುರು ಮಾಡಿ, ಮುಗಿಯುವ ಹೊತ್ತಿಗೆ ಟಾರ್ಚು ಆರಿಸಿ ಮಡಿಲಲ್ಲಿಟ್ಟುಕೊಂಡಿದ್ದಳು.

"ಎಂಜಿನ್ ಪೂರ್ತಿ ಮೋಟರೇ ಅಮ್ಮ," ಅಂದಳು ಆಮೇಲೆ. "ನನಗೂ ಹಿಡಿಯುತ್ತೆ. ಎಷ್ಟು ದಿನಕ್ಕೊಮ್ಮೆ ತರಬೇಕು?"

ವಾರಕ್ಕೊಮ್ಮೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಮೂರು ವಾರ ಭಾನುವಾರ, ಆಮೇಲೂ ಭಾನುವಾರ.

"ಮೋಟರಿನ ಪೆಟ್ಟಿಗೆಗೆ ಕೈ ತಾಗಿಸದಿದ್ರೆ ಏನೂ ಆಗಲ್ಲ," ಎಂದೆ. "ಕೂರೋ ಜಾಗ ಅಷ್ಟು ದೂರ ಇರುತ್ತೆ. ಸ್ಪೀಕರಿನ ಮೇಲೆ ಇಡ್ಬೇಡ, ಫೋನಿನ ಜೊತೆ ಇಡ್ಬೇಡ. ವರ್ಷಗಟ್ಟಲೆ ಬೇಕಾಗಲ್ಲ. ವಾಚಿಗೋಸ್ಕರ ನೀನು ಬರಬೇಕಾಗಿಲ್ಲ." ಸ್ವಲ್ಪ ತಡೆದು, ಬೆಂಚಿನ ಮರ ನೋಡುತ್ತ ಹೇಳಿದೆ: "ಸುಮ್ನೆ ಬಾ. ಕೂತ್ಕೊಳ್ಳೋಣ."

"ಸುಮ್ನೆ? ನೀನು?"

"ಹೂಂ. ನಾನು."

"ಬಟ್ಟೆ ಯಾರು ಒಗೀತಾರೆ?"

"ಬಿದ್ದಿರುತ್ತೆ."

ಅವಳು ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡುವ ನಾಟಕ ಮಾಡಿದಳು. ಮಷೀನು ಎರಡನೆಯ ಭಂಗಿಗೆ ಕಾಯುತ್ತಿತ್ತು. ವಾಚನ್ನು ಮುಖ ಕೆಳಗೆ ಮಾಡಿ ಇಟ್ಟೆ. ಇನ್ನೂ ಐದು ಬಾಕಿ, ಅಂದರೆ ಒಂದು ಗಂಟೆಗೂ ಮೇಲೆ. ಬಿಚ್ಚಿ ಎಣ್ಣೆ ಹಾಕುವ ಮೊದಲು ಆರೂ ಭಂಗಿ ನೋಡುವ ಅಗತ್ಯ ನಿಜಕ್ಕೂ ಇರಲಿಲ್ಲ. ನನ್ನ ಎಡ ಮಣಿಕಟ್ಟಿನಲ್ಲಿ ಪಟ್ಟಿಯಿದ್ದ ಕಡೆ ಚರ್ಮ ಬೆಳ್ಳಗಿತ್ತು, ಅಲ್ಲಿಗೆ ಗಾಳಿ ತಾಗುತ್ತಿತ್ತು. ಮಗಳು ಟಾರ್ಚು ಮತ್ತೆ ಹಚ್ಚಿ, ಹೊಸದಾಗಿ ಬಂದ ಮೇಲ್ವಿಚಾರಕ ಶೀಟಿ ಊದಲು ಹೋಗಿ ಕೆಮ್ಮಿದ ಸುದ್ದಿ ಹೇಳತೊಡಗಿದಳು. ನಾನು ಚುಕ್ಕಿ ನೋಡುವುದು ಬಿಟ್ಟು ಅವಳ ಮುಖ ನೋಡುತ್ತ ಕೂತೆ.